ಚಿತ್ರದಲ್ಲಿ ಕಾಣದ ರಕ್ತ

ಸಿಡಿಲೆರಗಿದಂತೆ ಹಠಾತ್ತಾಗಿ ಬಂದು ನಿಮಿಷದೊಳಗೆ ಪರಮಾವಧಿಗೇರುವ ತಲೆನೋವನ್ನು ಪಿತ್ತವೆಂದೋ ಬಿಸಿಲಿನ ಬೇಗೆಯೆಂದೋ ಬಗೆದು ಕಾಲಹರಣ ಮಾಡಲಾಗದು. ಧಮನಿಯ ಉಬ್ಬೊಂದು ಒಡೆದು, ಮೆದುಳಿನ ಪೊರೆಗಳ ನಡುವೆ ರಕ್ತ ಹರಿದಿರಬಹುದು.

ಸಿ.ಟಿ. ಸ್ಕ್ಯಾನಿನಲ್ಲಿ ಏನೂ ಕಾಣದಿದ್ದರೆ ಗಂಡಾಂತರ ಕಳೆಯಿತೆಂದು ಮನೆಗೆ ಹಿಂದಿರುಗುವವರುಂಟು. ನೋವು ತೊಡಗಿದ 6 ಗಂಟೆಗಳೊಳಗೆ ಉತ್ತಮ ಯಂತ್ರದಲ್ಲಿ ತೆಗೆದು ನುರಿತವರು ಪರಿಶೀಲಿಸಿದ ಚಿತ್ರದಲ್ಲಿ ಇಂತಹ ರಕ್ತ ಕಣ್ತಪ್ಪುವುದು ಅತಿ ವಿರಳ. ಹೊತ್ತು ಕಳೆದಂತೆ ಅದು ಸುತ್ತಲಿನ ದ್ರವದಲ್ಲಿ ಬೆರೆತು ತೆಳುವಾಗಿ ಚಿತ್ರದಿಂದ ಮರೆಯಾಗುತ್ತದೆ. ಆದರೆ ಉಬ್ಬು ಉಳಿದಿರುತ್ತದೆ, ಮತ್ತೆ ಒಡೆಯಬಹುದು.

ಆದಕಾರಣ ತಡವಾಗಿ ಬಂದವರ ಸೊಂಟದಲ್ಲಿ ಸೂಜಿಯಿಟ್ಟು ಬೆನ್ನಿನ ನೀರನ್ನು ತೆಗೆದು ಪರೀಕ್ಷಿಸುತ್ತಾರೆ. ಧಮನಿಗಳ ಸ್ಕ್ಯಾನ್ ಮಾಡುವುದೂ ಉಂಟು. ಮೊದಲೇ ಸ್ರವಿಸಿದ ರಕ್ತವು ವಿಘಟಿಸಿ, ಬಿಲಿರುಬಿನ್ ಆಗಿ ಆ ನೀರನ್ನು ಹಳದಿಯಾಗಿಸಿರುತ್ತದೆ. ಸೂಜಿ ತಾಗಿ ಬಂದ ಹೊಸ ನೆತ್ತರಿಗೆ ಆ ಗುಣವಿಲ್ಲ. ಹಳದಿ ಮೂಡಲು ಸುಮಾರು 12 ಗಂಟೆ ಬೇಕಾದುದರಿಂದ ವೈದ್ಯರು ಕಾಯಿಸಿದರೆ ಅದು ಅಲಕ್ಷ್ಯವಲ್ಲ. ಬೆನ್ನಿನ ನೀರು ತೆಗೆದರೆ ಕಾಲಿನ ಸ್ವಾಧೀನ ತಪ್ಪುವುದೆಂಬ ಭಯವೂ ಬೇಡ. ಬೆನ್ನುಹುರಿ ಮುಗಿಯುವ ಎಡೆಯಿಂದ ಕೆಳಗೇ ಸೂಜಿಯನ್ನು ಇಡುತ್ತಾರೆ.

ಮನೆಯವರ ಕರ್ತವ್ಯವೊಂದಿದೆ: ನೋವು ತೊಡಗಿದ ಗಳಿಗೆಯನ್ನು ತಪ್ಪದೆ ತಿಳಿಸುವುದು. ಯಾವ ಪರೀಕ್ಷೆಯನ್ನು ಎಷ್ಟು ನಂಬಬೇಕೆಂಬುದು ಆ ಒಂದು ಮಾತಿನ ಮೇಲೆ ನಿಂತಿದೆ.