ಮೂವತ್ತೈದರಲ್ಲಿ ಎಂಬಿಬಿಎಸ್ ಸೀಟು?

‘ನನಗೂ ಡಾಕ್ಟರ್ ಆಗೋ ಆಸೆ ಇತ್ತು, ಅಷ್ಟರಲ್ಲಿ ಮದುವೆ ಆಯ್ತು’ ಎನ್ನುವವರಲ್ಲಿ ನೀವೂ ಒಬ್ಬರೇ? ಹಾಗಾದರೆ ಇದನ್ನು ಓದಿ.

2017ರಲ್ಲಿ ನೀಟ್ ಪರೀಕ್ಷೆಗೆ ಸಾಮಾನ್ಯ ವರ್ಗದವರಿಗೆ 25, ಮೀಸಲಾತಿಯವರಿಗೆ 30 ವರ್ಷದ ಮಿತಿ ಹಾಕಿದ್ದರು. ವಿಷಯ ಕೋರ್ಟ್ ಮೆಟ್ಟಿಲೇರಿತು. 2022ರ ಮಾರ್ಚ್‌ನಲ್ಲಿ ಆ ಮಿತಿಯೇ ಹೋಯಿತು. ಪಿಯುಸಿಯಲ್ಲಿ ಸೈನ್ಸ್ ಓದಿ ಬಯಾಲಜಿ ಬಿಟ್ಟವರು ಆಮೇಲೆ ಅದನ್ನು ಮಾನ್ಯತೆ ಪಡೆದ ಬೋರ್ಡಿನಿಂದ ಹೆಚ್ಚುವರಿ ವಿಷಯವಾಗಿ ಪಾಸು ಮಾಡಿದರೂ ನೀಟ್ ಬರೆಯಬಹುದು ಎಂದು 2023ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೇಳಿತು.

ಆದರೆ ಸೀಟು ಸಿಕ್ಕ ಮೇಲೆ ಹದಿನೆಂಟರ ಹುಡುಗಿಗೂ ನಿಮಗೂ ನಿಯಮ ಒಂದೇ. ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಸಂಜೆ ಕಾಲೇಜಿಲ್ಲ, ಅಂಚೆ ಶಿಕ್ಷಣವಿಲ್ಲ. ನೌಕರಿ ಮಾಡುತ್ತಾ ನೀಟ್‌ಗೆ ಓದಬಹುದು, ಎಂಬಿಬಿಎಸ್ ಓದಲಾಗದು.

ಆದ್ದರಿಂದ ಕೋಚಿಂಗ್ ಫೀಸು ಕಟ್ಟುವ ಮುಂಚೆ ಮನೆಯವರೊಂದಿಗೆ ಕೂತು ಲೆಕ್ಕ ಹಾಕಿ. ಐದೂವರೆ ವರ್ಷ ನಿಮ್ಮ ಸಂಪಾದನೆ ಇಲ್ಲದೆ ಸಂಸಾರ ನಡೆಯುತ್ತಾ? ಬೇರೆ ಊರಲ್ಲಿ ಸೀಟು ಸಿಕ್ಕರೆ ಮಕ್ಕಳನ್ನು ಯಾರು ನೋಡ್ಕೋತಾರೆ? ‘ಆಮೇಲೆ ನೋಡೋಣ ಬಿಡು’ ಎಂಬುದು ಒಪ್ಪಿಗೆಯಲ್ಲ, ನೆನಪಿಡಿ.

ಉತ್ತರ ಸಿಕ್ಕಿತೇ? ಜೀವಶಾಸ್ತ್ರದಿಂದ ಶುರು ಮಾಡಿ. ಒಟ್ಟು 720 ಅಂಕಗಳಲ್ಲಿ 360 ಅದರದ್ದೇ. ತಪ್ಪು ಉತ್ತರಕ್ಕೆ ಒಂದು ಅಂಕ ಕಳೆಯುತ್ತಾರೆ, ಊಹೆ ಬೇಡ. ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಉಂಟು.

‘ಈ ವಯಸ್ಸಲ್ಲಿ ಯಾಕೆ?’ ಎಂದು ಸರ್ಕಾರ ಕೇಳುವುದನ್ನು ಬಿಟ್ಟಿದೆ. ಮನೆಯವರೂ ಬಿಡಲಿ.