ಹೆಸರು ದಾಸೋಹ, ಮುಪ್ಪಿಗೆ ಆಸರೆಯಿಲ್ಲ



ಶಾಲೆಯ ಬಿಸಿಯೂಟಕ್ಕೆ ಸರ್ಕಾರ ‘ಅಕ್ಷರ ದಾಸೋಹ’ ಎಂದು ಹೆಸರಿಟ್ಟಾಗ ನಾವೆಲ್ಲ ಹೆಮ್ಮೆಪಟ್ಟೆವು. ಹೆಸರು ನಮ್ಮದಾದರೆ, ಆ ಒಲೆಯ ಮುಂದೆ ಬೆಂದವರ ಗತಿ ಏನಾಯಿತು ಎಂದು ಕೇಳುವ ಹೊಣೆಯೂ ನಮ್ಮದೇ.

ನಮ್ಮ ಭಾಗಕ್ಕೆ ಈ ಯೋಜನೆ ಬಂದದ್ದು 2003ರಲ್ಲಿ. ಅಂದು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಹಳ್ಳಿಗಳಲ್ಲಿ 38ನೇ ವಯಸ್ಸಿಗೆ ಸೌಟು ಹಿಡಿದ ತಾಯಿಗೆ 2025ಕ್ಕೆ 60 ತುಂಬಿತು. 60 ತುಂಬಿದರೆ ಮನೆಗೆ ಹೋಗಬೇಕು. ಇಪ್ಪತ್ತೆರಡು ವರ್ಷ ದುಡಿದರೂ ಆಕೆ ‘ತಾತ್ಕಾಲಿಕ’. ಪಡೆದದ್ದು ಸಂಬಳವಲ್ಲ, ‘ಗೌರವಧನ’. 2009ರಲ್ಲಿ ಕೇಂದ್ರ ಗೊತ್ತುಮಾಡಿದ ಮೊತ್ತ ತಿಂಗಳಿಗೆ 1000 ರೂಪಾಯಿ, ಅದೂ ವರ್ಷಕ್ಕೆ 10 ತಿಂಗಳು. ರಾಜ್ಯ ತನ್ನ ಪಾಲು ಸೇರಿಸುತ್ತ ಬಂದು, 2025ರ ಬಜೆಟ್ಟಿನಲ್ಲಿ 1000 ಏರಿಸಿದ ಮೇಲೂ ಅದು 5000 ಮುಟ್ಟಲಿಲ್ಲ. ಪಿಂಚಣಿಯಿಲ್ಲ. ಬೀದಿಗಿಳಿದು ಕೇಳಿದ ಮೇಲೆ ಸಿಗುವ ಇಡಿಗಂಟು ಮುಪ್ಪು ದಾಟಿಸುವಷ್ಟಿಲ್ಲ.

‘ಕಾಯಕದಲ್ಲಿ ಲೆಕ್ಕ ಕೇಳಬಾರದು, ಆಯ್ದಕ್ಕಿ ಲಕ್ಕಮ್ಮನನ್ನು ನೋಡಿ’ ಎಂದು ನಮ್ಮವರೇ ಉಪದೇಶಿಸುವುದನ್ನು ನಾನು ಕೇಳಿದ್ದೇನೆ. ಲಕ್ಕಮ್ಮ ಗಂಡನ ಕೈಯಲ್ಲಿ ಹಿಂದಿರುಗಿಸಿದ್ದು ಅಂದಿನ ಅಗತ್ಯಕ್ಕಿಂತ ಹೆಚ್ಚಾಗಿ ತಂದ ಅಕ್ಕಿಯನ್ನು. ಈ ತಾಯಂದಿರ ಮಡಿಲಲ್ಲಿ ಹಿಂದಿರುಗಿಸಲು ಹೆಚ್ಚಿನದೇನಿದೆ? ಲಕ್ಕಮ್ಮನ ಪಾಠ ಉಳ್ಳವರಿಗೆ. ಅದರಿಂದ ಇಲ್ಲದವರ ಬಾಯಿ ಮುಚ್ಚಿಸುವುದು ಶರಣರಿಗೆ ಮಾಡುವ ಅಪಚಾರ.

ದಾರಿಯೇ ಇಲ್ಲವೆಂದಲ್ಲ. ಅಂಗನವಾಡಿ ಕಾರ್ಯಕರ್ತೆಯರು, ಸಹಾಯಕಿಯರು 1972ರ ಕಾಯ್ದೆಯಂತೆ ಗ್ರಾಚ್ಯುಟಿಗೆ ಅರ್ಹರೆಂದು ಸುಪ್ರೀಂ ಕೋರ್ಟ್ 2022ರ ಏಪ್ರಿಲ್ 25ರಂದು ತೀರ್ಪಿತ್ತಿತು. ಗೌರವಧನವೆಂಬ ಹೆಸರು ಅಲ್ಲಿ ಅಡ್ಡ ಬರಲಿಲ್ಲ. ಅಂಗನವಾಡಿಗೆ ಸಂದ ನ್ಯಾಯ ಪಕ್ಕದ ಶಾಲೆಯ ಅಡುಗೆಮನೆಗೆ ಏಕೆ ಸಲ್ಲಬಾರದು?

ಸರ್ಕಾರವನ್ನು ಕೇಳುವ ಮೊದಲು ನಮ್ಮ ಮನೆಯನ್ನೂ ನೋಡಿಕೊಳ್ಳೋಣ. ಮಠಗಳ ಶಾಲೆ, ಹಾಸ್ಟೆಲು, ಪ್ರಸಾದ ನಿಲಯಗಳಲ್ಲಿ ‘ಸೇವೆ’ಯ ಹೆಸರಿನಲ್ಲಿ ವರ್ಷಗಟ್ಟಲೆ ದುಡಿಯುವ ಅಡುಗೆಯವರು, ಕಸ ಗುಡಿಸುವವರು, ಕಾವಲುಗಾರರು ಇದ್ದಾರೆ. ಅವರಿಗೆ ಭವಿಷ್ಯನಿಧಿ ಕಟ್ಟಿದ್ದೇವೆಯೆ? ಐದು ವರ್ಷ ಮೀರಿ ದುಡಿದವರಿಗೆ ವರ್ಷಕ್ಕೆ 15 ದಿನದ ಕೂಲಿಯಂತೆ ಗ್ರಾಚ್ಯುಟಿ ಎತ್ತಿಟ್ಟಿದ್ದೇವೆಯೆ? ಕೊಟ್ಟಿದ್ದರೆ ಎಲ್ಲರಿಗೂ ತೋರಿಸೋಣ. ಇಲ್ಲದಿದ್ದರೆ ಇಂದೇ ಆರಂಭಿಸೋಣ.

ನಾನು ಕೇಳುವುದಿಷ್ಟೆ: ಈ ನಾಲ್ಕು ತಾಲ್ಲೂಕುಗಳ ಮಠಗಳು ಮೊದಲು ತಮ್ಮ ಲೆಕ್ಕ ತೆರೆಯಲಿ. ಬಳಿಕ ಬಸವ ಜಯಂತಿಯ ವೇದಿಕೆಯಲ್ಲಿ, ಶಾಸಕರು ಹಾರ ಹಾಕಿಸಿಕೊಳ್ಳುವ ಹೊತ್ತಿನಲ್ಲೇ, ಬಿಸಿಯೂಟದ ತಾಯಂದಿರಿಗೆ ಗ್ರಾಚ್ಯುಟಿ, ಪಿಂಚಣಿ ಕೊಡಿ ಎಂದು ಕೇಳಲಿ. ಅವರ ಕೈಯಡುಗೆ ಉಂಡು ಬೆಳೆದವರಲ್ಲಿ ನಮ್ಮ ಮಕ್ಕಳೂ ಇದ್ದಾರೆ.

ದುಡಿಸಿಕೊಂಡು ಮುಪ್ಪಿನಲ್ಲಿ ಕೈಬಿಡುವುದಕ್ಕೆ ದಾಸೋಹವೆಂದು ಹೆಸರಿಡಬೇಡಿ.