ಅಡುಗೆಮನೆಗೂ ಬೇಸಿಗೆಯ ವೇಳಾಪಟ್ಟಿ ಬೇಡವೇ?



"ರಾಯಚೂರಿಗೆ ಇರೋದು ಎರಡೇ ಕಾಲ ರೀ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ" ಎಂದು ನಮ್ಮ ಕಡೆ ತಮಾಷೆ ಮಾಡುತ್ತಾರೆ. ಯುಗಾದಿ ಕಳೆದು ಉಪ್ಪಿನಕಾಯಿ ಹಾಕುವ ಹೊತ್ತಿಗೆ ಆ ತಮಾಷೆ ಸಾಕಾಗಿ ಹೋಗುತ್ತದೆ. ದೇವದುರ್ಗದ ಸಂತೆಗೆ ಹೋದವರು ಹತ್ತು ಗಂಟೆಗೇ ತಲೆಮೇಲೆ ಸೆರಗು ಹೊದ್ದು ಮನೆ ಸೇರುತ್ತಾರೆ. ಮಾನ್ವಿ ಬಸ್ಸು ಹತ್ತುವಾಗ ಕಂಬಿ ಹಿಡಿದರೆ ಕೈ ಚುರ್ ಎನ್ನುತ್ತದೆ.

ಭೂಮಧ್ಯರೇಖೆಯ ಹತ್ತಿರ ಬಿಸಿಲು ಬಹಳ ಎಂದು ಶಾಲೆಯಲ್ಲಿ ಓದಿದ್ದೇವೆ. ಆದರೆ ನೋಡಿ, ಆ ರೇಖೆಗೆ ಅಂಟಿಕೊಂಡಂತಿರುವ ಸಿಂಗಪುರದಲ್ಲಿ ವರ್ಷವಿಡೀ ಹಗಲಿನ ತಾಪ ಸುಮಾರು 31-32 ಡಿಗ್ರಿ. ಅಲ್ಲಿಂದ ಎಷ್ಟೋ ಉತ್ತರಕ್ಕಿರುವ ನಮ್ಮ ರಾಯಚೂರಿನಲ್ಲಿ ಮೇ ತಿಂಗಳಲ್ಲಿ 40 ದಾಟುವುದು ಮಾಮೂಲು, 45.6 ಡಿಗ್ರಿ ಮುಟ್ಟಿದ ದಾಖಲೆಯೂ ಇದೆ! ಇದೇಕೆ ಹೀಗೆ?

ಸಿಂಗಪುರದ ಸುತ್ತ ಸಮುದ್ರ, ಮೇಲೆ ಮೋಡ, ಆಗಾಗ ಮಳೆ. ಬಿಸಿಲಿನ ಬಹುಪಾಲು ಶಾಖ ನೀರನ್ನು ಆವಿ ಮಾಡುವುದರಲ್ಲೇ ಮುಗಿದುಹೋಗುತ್ತದೆ. ನಮಗೋ, ಅರಬ್ಬೀ ಸಮುದ್ರದ ಮೋಡಗಳು ಪಶ್ಚಿಮಘಟ್ಟದ ಮೇಲೆ ನೀರು ಸುರಿದು, ಹಗುರಾಗಿ ಇತ್ತ ಬರುತ್ತವೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬಂದರೆ ಪುಣ್ಯ. ಬೇಸಿಗೆಯಲ್ಲಿ ನೆಲದಲ್ಲಿ ಪಸೆಯಿಲ್ಲ, ಆಕಾಶದಲ್ಲಿ ಮೋಡವಿಲ್ಲ. ಶಾಖವೆಲ್ಲ ನೆಲ ಮತ್ತು ಗಾಳಿಯನ್ನೇ ಕಾಯಿಸುತ್ತದೆ. ಅದರ ಮೇಲೆ ಮೇ 5ರ ಆಸುಪಾಸು ಸೂರ್ಯ ನಮ್ಮ ನೆತ್ತಿಗೇ ಬರುತ್ತಾನೆ. ಆ ದಿನ ಹನ್ನೆರಡೂಕಾಲರ ಸುಮಾರಿಗೆ ಅಂಗಳದಲ್ಲಿ ಒನಕೆ ನೆಟ್ಟಗೆ ನಿಲ್ಲಿಸಿ ನೋಡಿ, ನೆರಳೇ ಬೀಳದು!

ಈ ಒಣಗಾಳಿಯಿಂದ ನಮಗೆ ಉಪಕಾರವೂ ಉಂಟು. ಸಂಡಿಗೆ ಬೇಗ ಒಣಗುತ್ತದೆ, ಮಣ್ಣಿನ ಹರವಿಯ ನೀರು ತಣ್ಣಗಿರುತ್ತದೆ. ಆದರೆ ಹರವಿಯಿಂದ ಜಿನುಗಿದ ನೀರನ್ನು ಹೀರುವ ಗಾಳಿಯೇ ನಮ್ಮ ಮೈಯ ನೀರನ್ನೂ ಹೀರುತ್ತದೆ. ಬೆವರು ಕಾಣುವ ಮೊದಲೇ ಆರಿಹೋಗುವುದರಿಂದ "ನನಗೇನೂ ಬೆವರಿಲ್ಲವಲ್ಲ" ಎಂದುಕೊಳ್ಳುತ್ತೇವೆ. ಮೋಸ ಆಗುವುದು ಅಲ್ಲೇ.

ಈ ಬಿಸಿಲಿಗೆ ಹೆದರಿ ಏಪ್ರಿಲ್-ಮೇನಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ರೂಢಿಯಿದೆ. ಸಾಹೇಬರಿಗೆ ಇರುವ ರಿಯಾಯಿತಿ ಒಲೆಯ ಮುಂದೆ ನಿಂತವಳಿಗೆ ಬೇಡವೇ? ಎಲ್ಲರಿಗೂ ಬಡಿಸಿ, ಕೊನೆಗೆ ಉಂಡು, ಕೊನೆಗೆ ನೀರು ಕುಡಿಯುವವಳು ಅವಳೇ ತಾನೆ? ಹೊರಗಿನ ಬಿಸಿಲಿನ ಜೊತೆಗೆ ಒಲೆಯ ಉರಿಯೂ ಅವಳ ಪಾಲಿಗೆ. ಆದ್ದರಿಂದ ಈ ಎರಡು ತಿಂಗಳು ಹೀಗೆ ಮಾಡಿ ನೋಡಿ:

1. ರೊಟ್ಟಿ, ಪಲ್ಯ, ಸಾರು ಬೆಳಿಗ್ಗೆ 9ರೊಳಗೆ ಮುಗಿಸಿ. ಸಾರು ಒಂದು ಹೊತ್ತಿಗೆ ಸಾಕಾಗುವಷ್ಟೇ ಇರಲಿ, ರಾತ್ರಿಗೆ ಹಳಸುತ್ತದೆ.

2. ಮಧ್ಯಾಹ್ನ 12ರಿಂದ 4ರವರೆಗೆ ಒಲೆ ಹಚ್ಚಬೇಡಿ, ಮಾಳಿಗೆ ಹತ್ತಬೇಡಿ. ಸಂಡಿಗೆ ನಸುಕಿನಲ್ಲೇ ಇಟ್ಟು ಸಂಜೆ ತೆಗೆಯಿರಿ.

3. ರಾತ್ರಿಗೆ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರು ಸಾಕು.

4. ನಿಮ್ಮದೇ ಒಂದು ತಂಬಿಗೆ ನೀರು ಬೇರೆ ಇಟ್ಟುಕೊಳ್ಳಿ. ಬಾಯಾರುವ ತನಕ ಕಾಯದೆ ಗಂಟೆಗೊಂದು ಲೋಟ ಕುಡಿಯಿರಿ. ಊರಿಗೆ ಹೊರಟಾಗ ದಾರಿಯಲ್ಲಿ ಶೌಚದ ಅನುಕೂಲವಿಲ್ಲವೆಂದು ನೀರು ಬಿಡಬೇಡಿ. ಮೂತ್ರ ಗಾಢ ಹಳದಿಯಾದರೆ ನೀರು ಸಾಲದೆಂದೇ ತಿಳಿಯಿರಿ. (ಹೃದಯ, ಮೂತ್ರಪಿಂಡದ ಕಾಯಿಲೆ ಇದ್ದವರು ಎಷ್ಟು ಕುಡಿಯಬೇಕೆಂದು ವೈದ್ಯರನ್ನು ಕೇಳಿ.)

ಜೋಳದ ಅಂಬಲಿ: ಅರ್ಧ ಬಟ್ಟಲು ಜೋಳದ ಹಿಟ್ಟನ್ನು ಒಂದು ಬಟ್ಟಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ. ಮೂರು ಬಟ್ಟಲು ಕುದಿಯುವ ನೀರಿಗೆ ಸುರಿದು, ಕೈಯಾಡಿಸುತ್ತ ಏಳೆಂಟು ನಿಮಿಷ ಬೇಯಿಸಿ. ಆರಿದ ಮೇಲೆ ಎರಡು ಬಟ್ಟಲು ಮಜ್ಜಿಗೆ, ಉಪ್ಪು, ಜೀರಿಗೆ ಪುಡಿ, ಹೆಚ್ಚಿದ ಉಳ್ಳಾಗಡ್ಡಿ, ಕೊತ್ತಂಬರಿ ಸೇರಿಸಿ. ಹನ್ನೊಂದು ಗಂಟೆಗೆ ಒಂದು ಲೋಟ ಕುಡಿದರೆ ಹೊಟ್ಟೆಯೂ ತಂಪು, ಮೈಗೂ ತ್ರಾಣ.

ಇನ್ನೊಂದು ಮಾತು, ಇದನ್ನು ಮನೆಮಂದಿಗೆಲ್ಲ ಓದಿ ಹೇಳಿ. ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಕೆಲಸ ಬಿಟ್ಟು ತಂಪಿನಲ್ಲಿ ಮಲಗಿ, ನೀರು ಕುಡಿಯಬೇಕು. ಮೈ ಕೆಂಡದಂತೆ ಸುಟ್ಟು, ಮಾತು ತೊದಲಿ, ಎಚ್ಚರ ತಪ್ಪುವಂತಾದರೆ ಅದು ಬಿಸಿಲಿನ ಹೊಡೆತ, ಪ್ರಾಣಕ್ಕೇ ಅಪಾಯ. ಕೂಡಲೇ 108ಕ್ಕೆ ಫೋನ್ ಮಾಡಿ. ಗಾಡಿ ಬರುವವರೆಗೆ ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈತುಂಬ ನೀರು ಹಾಕಿ ಗಾಳಿ ಬೀಸಿ. ಎಚ್ಚರವಿಲ್ಲದವರ ಬಾಯಿಗೆ ಮಾತ್ರ ನೀರು ಹಾಕಬೇಡಿ.

"ಮಧ್ಯಾಹ್ನ ಬಿಸಿ ರೊಟ್ಟಿ ಇಲ್ಲವೇ?" ಎಂದು ಮನೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗ ಸಂಕೋಚ ಬೇಡ ತಾಯಂದಿರೇ, "ಕಚೇರಿಗೂ ರಜಾ, ಒಲೆಗೂ ರಜಾ" ಎಂದುಬಿಡಿ. ನಿಮ್ಮ ಮನೆಯ ವೇಳಾಪಟ್ಟಿ ಹೇಗಾಯಿತೆಂದು ನಮಗೂ ಬರೆದು ತಿಳಿಸುತ್ತೀರಲ್ಲ?